ದತ್ತು ಮಗುವಿನೊಂದಿಗೆ ಪರದೇಶದಲ್ಲಿ ಮೊದಲ ಹದಿನೈದು ದಿನ

ದತ್ತು ಎಂದರೆ ನಮ್ಮ ಊರುಗಳಲ್ಲಿ ಈಗಲೂ ಮೊದಲು ನೆನಪಾಗುವುದು ಅಣ್ಣನ ಮಗನನ್ನು ತಮ್ಮ ತೆಗೆದುಕೊಳ್ಳುವುದು, ಅಕ್ಕನ ಮಗಳನ್ನು ತಂಗಿ ಸಾಕುವುದು. ಮಗುವಿಗೆ ಮನೆ ಬದಲಾಗುತ್ತದೆ, ಅಷ್ಟೆ. ಭಾಷೆ ಅದೇ, ರೊಟ್ಟಿ ಅದೇ, ಹೆತ್ತವಳು ಜಾತ್ರೆಗೆ ಬಂದಾಗ ಕಣ್ಣಿಗೆ ಬೀಳುತ್ತಾಳೆ.

ಇನ್ನೊಂದು ಬಗೆಯ ದತ್ತು ಇದೆ. ಗಂಡ-ಹೆಂಡತಿ ಸಾವಿರಾರು ಮೈಲಿ ಹಾರಿ ಗೊತ್ತಿಲ್ಲದ ದೇಶಕ್ಕೆ ಬರುತ್ತಾರೆ. ಒಂದು ಸರಕಾರಿ ಕೋಣೆಯಲ್ಲಿ ಆಯಾ ಒಬ್ಬಳು ಮಗುವನ್ನು ಅವರ ಕೈಗೆ ಕೊಡುತ್ತಾಳೆ. ಆದರೆ ಆ ದಿನವೇ ಮನೆಗೆ ಹೊರಡುವಂತಿಲ್ಲ. ಕಾಗದಪತ್ರ, ಪಾಸ್‌ಪೋರ್ಟ್, ವೈದ್ಯಕೀಯ ಪರೀಕ್ಷೆ, ವೀಸಾ ಎಂದು ಎರಡು ವಾರವೋ ಅದಕ್ಕಿಂತ ಹೆಚ್ಚೋ ಪರದೇಶದಲ್ಲೇ ಕಳೆಯಬೇಕು. ತಾಯಿ, ತಂದೆ, ಮಗು ಈ ಮೂವರ ನಂಟು ಶುರುವಾಗುವುದು ಸ್ವಂತ ಮನೆಯಲ್ಲಲ್ಲ, ಹೋಟೆಲಿನ ಕೋಣೆಯಲ್ಲಿ. ಆ ದಿನಗಳಲ್ಲಿ ಮಗುವಿಗೆ ಏನಾಗುತ್ತದೆ, ದೊಡ್ಡವರು ಏನು ಮಾಡಬೇಕು, ಏನನ್ನು ಮಾಡದೆ ಬಿಡಬೇಕು ಎಂಬುದೇ ಈ ಲೇಖನದ ವಿಷಯ.

ಚೀನಾದ ಉದಾಹರಣೆ

ಇಂಥ ಪ್ರಯಾಣದ ದೊಡ್ಡ ಉದಾಹರಣೆ ಚೀನಾ. ಅಲ್ಲಿನ ದತ್ತು ಕಾನೂನು 1992ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಿತು. ಒಂದೇ ಮಗು ಎಂಬ ಕಟ್ಟುನಿಟ್ಟಿನ ನೀತಿ ಇದ್ದ ಕಾಲ. ಹುಟ್ಟಿದ ಹೆಣ್ಣುಕೂಸುಗಳನ್ನು ಮಾರುಕಟ್ಟೆಯಲ್ಲಿ, ಆಸ್ಪತ್ರೆಯ ಬಾಗಿಲಲ್ಲಿ ಬಿಟ್ಟುಹೋಗುತ್ತಿದ್ದರು, ಅನಾಥಾಲಯಗಳು ತುಂಬಿದ್ದವು. ಅಲ್ಲಿಂದ ಮುಂದೆ ಒಂದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳು ಬೇರೆ ಬೇರೆ ದೇಶಗಳಿಗೆ ದತ್ತು ಹೋದರು. 1999ರಿಂದ 2023ರವರೆಗೆ ಅಮೆರಿಕವೊಂದಕ್ಕೇ 82 ಸಾವಿರಕ್ಕೂ ಹೆಚ್ಚು. ಅತಿ ಹೆಚ್ಚು ಹೋದದ್ದು 2005ರಲ್ಲಿ, ಸುಮಾರು 7,900 ಮಕ್ಕಳು. ಅದೇ ವರ್ಷ ಹುನಾನ್ ಪ್ರಾಂತ್ಯದ ಹೆಂಗ್‌ಯಾಂಗ್‌ನಲ್ಲಿ ಕೆಲವು ಅನಾಥಾಲಯಗಳು ದುಡ್ಡು ಕೊಟ್ಟು ಶಿಶುಗಳನ್ನು ಕೊಂಡಿದ್ದು ಹೊರಬಿತ್ತು. ಈ ಕಥೆಗೆ ಆ ಮುಖವೂ ಇದೆ ಎಂಬುದನ್ನು ಮರೆಯುವಂತಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಚೀನಾ ವಿದೇಶಿ ದತ್ತನ್ನು ನಿಲ್ಲಿಸಿರುವುದಾಗಿ ಹೇಳಿತು. ಹತ್ತಿರದ ರಕ್ತಸಂಬಂಧಿಗಳಿಗೆ ಮತ್ತು ಮಲಮಕ್ಕಳ ದತ್ತಿಗೆ ಮಾತ್ರ ವಿನಾಯಿತಿ.

ಅಮೆರಿಕದ ದಂಪತಿಗಳ ಪ್ರಯಾಣ ಹೆಚ್ಚುಕಡಿಮೆ ಒಂದೇ ತರಹ ಇರುತ್ತಿತ್ತು. ಮಗು ಇರುವ ಪ್ರಾಂತ್ಯದ ರಾಜಧಾನಿಗೆ ಹೋಗುವುದು. ಅಲ್ಲಿನ ನಾಗರಿಕ ವ್ಯವಹಾರ ಕಚೇರಿಯಲ್ಲಿ ಮಗುವನ್ನು ಪಡೆಯುವುದು. ಮಾರನೆಯ ದಿನವೇ ಸಹಿ, ಬೆರಳಚ್ಚು, ನೋಂದಣಿ. ಅಂದರೆ ಪರಸ್ಪರ ಒಗ್ಗಿಕೊಳ್ಳಲು ಸಿಗುತ್ತಿದ್ದದ್ದು ಒಂದೇ ಒಂದು ಹಗಲು, ಒಂದು ರಾತ್ರಿ. ಆಮೇಲೆ ಚೀನಾದ ಪಾಸ್‌ಪೋರ್ಟಿಗಾಗಿ ಕೆಲವು ದಿನ ಕಾದು, ಕೊನೆಗೆ ವೈದ್ಯಕೀಯ ಪರೀಕ್ಷೆ ಮತ್ತು ವೀಸಾಕ್ಕೆ ಗ್ವಾಂಗ್‌ಝೌ ನಗರಕ್ಕೆ. ಅಲ್ಲಿ ಮುತ್ತುನದಿಯ ದಂಡೆಯ ಶಾಮಿಯನ್ ದ್ವೀಪದಲ್ಲಿ ವೈಟ್ ಸ್ವಾನ್ ಎಂಬ ಹೋಟೆಲು. ಅಮೆರಿಕದ ಕಾನ್ಸುಲೇಟ್ ಬಹುಕಾಲ ಅದರ ಪಕ್ಕದಲ್ಲೇ ಇದ್ದುದರಿಂದ ದತ್ತು ಕುಟುಂಬಗಳೆಲ್ಲ ಇಳಿಯುತ್ತಿದ್ದದ್ದು ಅಲ್ಲೇ. ಕೆಂಪು ಸೋಫಾದ ಮೇಲೆ ಪುಟಾಣಿಗಳನ್ನು ಸಾಲಾಗಿ ಕೂರಿಸಿ ಫೋಟೋ ತೆಗೆಯುವುದು ಪದ್ಧತಿಯೇ ಆಗಿಹೋಗಿತ್ತು. ಬಾರ್ಬಿ ಕಂಪನಿಯವರು ಕೈಯಲ್ಲಿ ಚೀನಾದ ಕೂಸನ್ನು ಹಿಡಿದ ಗೊಂಬೆಯೊಂದನ್ನು ಈ ತಾಯಂದಿರಿಗಾಗಿಯೇ ಮಾಡಿಸಿ ಹಂಚಿದ್ದರು!

ಆ ಫೋಟೋಗಳನ್ನು ಗಮನವಿಟ್ಟು ನೋಡಿದರೆ ಒಂದು ಮಾತು ತಿಳಿಯುತ್ತದೆ. ದೊಡ್ಡವರು ನಗುತ್ತಿರುತ್ತಾರೆ. ಮಕ್ಕಳಲ್ಲಿ ಕೆಲವು ಚೀರುತ್ತಿರುತ್ತವೆ, ಕೆಲವು ಎತ್ತಲೋ ನೋಡುತ್ತ ಬೊಂಬೆಯಂತೆ ಕೂತಿರುತ್ತವೆ.

ಮಗುವಿನ ಕಡೆಯಿಂದ ನೋಡಿದರೆ

ತಂದೆತಾಯಿಗೆ ಅದು ವರ್ಷಗಟ್ಟಲೆ ಕಾದ ದಿನ. ಮಗುವಿಗೆ? ನಿನ್ನೆಯವರೆಗೆ ಎತ್ತಿಕೊಂಡ ಆಯಾ ಇಲ್ಲ. ಪಕ್ಕದ ತೊಟ್ಟಿಲಿನ ಗೆಳೆಯ ಇಲ್ಲ. ಮೂಗಿಗೆ ಬರುವ ವಾಸನೆ ಬೇರೆ, ಸಾಬೂನು ಬೇರೆ, ಬಾಟಲಿಯ ಹಾಲು ಬೇರೆ. ಎತ್ತಿಕೊಂಡವರ ಮುಖದ ಬಣ್ಣ, ಮೂಗು, ಕನ್ನಡಕ, ಗಡ್ಡ ಎಲ್ಲವೂ ಹೊಸದು. ಎಲ್ಲಕ್ಕಿಂತ ಹೆಚ್ಚಾಗಿ, ಕಿವಿಗೆ ಬೀಳುವ ಮಾತು ಒಂದೂ ತಿಳಿಯುವುದಿಲ್ಲ.

ನಮ್ಮ ಗಡಿಯ ಜನರಿಗೆ ಇದರ ಅಂದಾಜು ಸ್ವಲ್ಪವಾದರೂ ಇರುತ್ತದೆ. ಕನ್ನಡ ಮಾತ್ರ ಕೇಳಿ ಬೆಳೆದ ಕೂಸು ಮೊದಲ ದಿನ ಮಲಯಾಳದ ಅಂಗನವಾಡಿಗೋ ಮರಾಠಿ ಬಾಲವಾಡಿಗೋ ಹೋದಾಗ ಮೂಲೆ ಹಿಡಿದು ಕೂರುವುದನ್ನು ಕಂಡವರೇ ನಾವೆಲ್ಲ. ಆದರೆ ನಮ್ಮ ಕೂಸು ಸಂಜೆ ಮನೆಗೆ ಬರುತ್ತದೆ, ಅಮ್ಮನ ಸೆರಗು ಹಿಡಿದು ಕನ್ನಡದಲ್ಲೇ ದೂರು ಹೇಳುತ್ತದೆ. ಈ ಮಗುವಿಗೆ ಆ ಸಂಜೆ ಬರುವುದಿಲ್ಲ.

ಇಂಗ್ಲೆಂಡಿನ ಜೇಮ್ಸ್ ರಾಬರ್ಟ್‌ಸನ್ ಎಂಬವರು 1952ರಲ್ಲಿ ಒಂದು ಸಾಕ್ಷ್ಯಚಿತ್ರ ಮಾಡಿದರು. ಎರಡು ವರ್ಷ ದಾಟಿದ ಲಾರಾ ಎಂಬ ಹುಡುಗಿ ಸಣ್ಣ ಶಸ್ತ್ರಚಿಕಿತ್ಸೆಗಾಗಿ ಎಂಟು ದಿನ ಆಸ್ಪತ್ರೆಯಲ್ಲಿದ್ದ ಕಥೆ ಅದು. ಆ ಕಾಲದ ಆಸ್ಪತ್ರೆಗಳಲ್ಲಿ ತಾಯಿ ಜೊತೆಗಿರುವಂತಿರಲಿಲ್ಲ. ಲಾರಾ ಗಲಾಟೆ ಮಾಡಲಿಲ್ಲ. ನೋಡುವವರಿಗೆ ಅವಳು ಜಾಣ ಹುಡುಗಿ. ಕ್ಯಾಮೆರಾ ಮಾತ್ರ ಅವಳ ಮುಖ ದಿನದಿಂದ ದಿನಕ್ಕೆ ಮುಚ್ಚಿಹೋಗುವುದನ್ನು ಹಿಡಿದಿತ್ತು. ರಾಬರ್ಟ್‌ಸನ್ ಮತ್ತು ಜಾನ್ ಬೌಲ್ಬಿ ಸೇರಿ ಇಂಥ ಮಕ್ಕಳಲ್ಲಿ ಮೂರು ಹಂತಗಳನ್ನು ಗುರುತಿಸಿದರು. ಮೊದಲು ಪ್ರತಿಭಟನೆ, ಆಮೇಲೆ ಹತಾಶೆ, ಕೊನೆಗೆ ಎಲ್ಲದರಿಂದ ದೂರ ಸರಿಯುವುದು. ಆಸ್ಪತ್ರೆಗಳಲ್ಲಿ ತಾಯಂದಿರಿಗೆ ಬಾಗಿಲು ತೆರೆದದ್ದರಲ್ಲಿ ಈ ಕೆಲಸದ ಪಾಲು ದೊಡ್ಡದು.

ಹೋಟೆಲ್ ಕೋಣೆಯ ತಂದೆತಾಯಿ ತಿಳಿಯಬೇಕಾದ ಮುಖ್ಯ ವಿಷಯ ಇದೇ. ಚೀರಾಡುವ ಮಗುವನ್ನು ಕಂಡು ಗಾಬರಿಯಾಗುತ್ತಾರೆ, ಅಳದ ಮಗುವನ್ನು ಕಂಡು ‘ಎಷ್ಟು ಬೇಗ ಹೊಂದಿಕೊಂಡಿತು’ ಎಂದು ಊರಿಗೆಲ್ಲ ಫೋನ್ ಮಾಡುತ್ತಾರೆ. ವಾಸ್ತವದಲ್ಲಿ ಚೀರಾಡುವ ಮಗು ತನ್ನವರನ್ನು ಕರೆಯುತ್ತಿದೆ. ಅಂದರೆ ಅದಕ್ಕೆ ತನ್ನವರು ಎಂಬವರಿದ್ದರು, ಒಬ್ಬರನ್ನು ಹಚ್ಚಿಕೊಳ್ಳುವುದು ಅದಕ್ಕೆ ಗೊತ್ತಿದೆ. ಹಾಗೆ ಹಚ್ಚಿಕೊಂಡ ಮಗು ಇನ್ನೊಬ್ಬರನ್ನೂ ಹಚ್ಚಿಕೊಳ್ಳಬಲ್ಲದು. ಅಳದೆ, ನೋಡದೆ, ಹಗಲೆಲ್ಲ ನಿದ್ದೆ ಮಾಡುವ ಮಗುವಿನ ಬಗ್ಗೆ ಹೆಚ್ಚು ಎಚ್ಚರ ಬೇಕು. ಕಂಡಕಂಡವರ ತೊಡೆಯೇರಿ ನಗುವ ಮಗುವೂ ಹಾಗೆಯೇ. ಬಹಳ ಜನರ ಕೈಯಲ್ಲಿ ಬೆಳೆದ ಮಕ್ಕಳಲ್ಲಿ ಈ ಗುಣ ಕಾಣುತ್ತದೆ. ಅದು ಪ್ರೀತಿಯಲ್ಲ, ಯಾರಾದರೂ ಆದೀತು ಎಂಬ ಸ್ಥಿತಿ.

ಕೋಣೆಯಲ್ಲಿ ಏನು ಮಾಡಬೇಕು?

ಉತ್ತರ ಬಹಳ ಸಪ್ಪೆ. ಆದಷ್ಟು ಕಡಿಮೆ ಮಾಡಬೇಕು. ಅದೇ ಕೋಣೆ, ಅದೇ ಇಬ್ಬರು ಮನುಷ್ಯರು, ಅದೇ ಹೊತ್ತಿಗೆ ಊಟ, ಅದೇ ಹೊತ್ತಿಗೆ ನಿದ್ದೆ. ಚೀನಾಕ್ಕೆ ಹೋದವರು ಗುಂಪಾಗಿ ಇರುತ್ತಿದ್ದರು. ಬಿಡುವಿನ ದಿನಗಳಲ್ಲಿ ದೇವಾಲಯ, ಪ್ರಾಣಿಸಂಗ್ರಹಾಲಯ, ರೇಷ್ಮೆ ಅಂಗಡಿ ಎಂದು ಬಸ್ಸು ಹೊರಡುತ್ತಿತ್ತು. ಅಷ್ಟು ದುಡ್ಡು ಖರ್ಚು ಮಾಡಿ ಬಂದವರಿಗೆ ನೋಡುವ ಆಸೆ ಇರುವುದು ಸಹಜ. ಆದರೆ ನಾಲ್ಕು ದಿನದ ಹಿಂದೆ ಕೈಗೆ ಬಂದ ಮಗುವಿಗೆ ಬಸ್ಸು, ಜನಸಂದಣಿ, ಹೊಸ ಮುಖಗಳು ಇನ್ನಷ್ಟು ಭಾರ. ಕಿಟಕಿಯ ಬಳಿ ಕೂತು ನದಿಯ ದೋಣಿ ತೋರಿಸಿದರೆ ಆ ದಿನಕ್ಕೆ ಸಾಕು.

ಊಟದಿಂದ ಶುರುಮಾಡೋಣ, ಏಕೆಂದರೆ ನಂಬಿಕೆ ಮೊದಲು ಹುಟ್ಟುವುದು ಅಲ್ಲೇ. ಮಗುವಿಗೆ ಆಯಾ ಏನು ಕೊಡುತ್ತಿದ್ದಳೋ ಮೊದಲ ದಿನಗಳಲ್ಲಿ ಅದನ್ನೇ ಕೊಡಬೇಕು. ಚೀನಾದ ಅನೇಕ ಅನಾಥಾಲಯಗಳಲ್ಲಿ ಹಾಲಿನ ಪುಡಿಗೆ ಅಕ್ಕಿಹಿಟ್ಟು ಬೆರೆಸಿ, ಗಟ್ಟಿಯಾಗಿ, ಸಾಕಷ್ಟು ಬಿಸಿಯಾಗಿ ಕೊಡುತ್ತಿದ್ದರು. ಬಾಟಲಿಯ ತೊಟ್ಟಿನ ತೂತನ್ನು ಕತ್ತರಿಸಿ ದೊಡ್ಡದು ಮಾಡಿರುತ್ತಿದ್ದರು. ಪುಸ್ತಕದಲ್ಲಿ ಹೇಳಿದಂತೆ ಉಗುರುಬೆಚ್ಚಗಿನ ತೆಳು ಹಾಲು ಹಿಡಿದರೆ ಮಗು ಮುಖ ತಿರುಗಿಸುತ್ತಿತ್ತು. ಇಂಥವನ್ನು ಆಯಾಳನ್ನು ಕೇಳಿಯೇ ತಿಳಿಯಬೇಕು. ಬದಲಾವಣೆ ಮಾಡುವುದಿದ್ದರೆ ಹಳೆಯದಕ್ಕೆ ಹೊಸದನ್ನು ಸ್ವಲ್ಪ ಸ್ವಲ್ಪವೇ ಬೆರೆಸುತ್ತ ಮಾಡಬೇಕು. ಭೇದಿಯಾದರೆ ಓಆರ್‌ಎಸ್, ಕಡಿಮೆಯಾಗದಿದ್ದರೆ ಡಾಕ್ಟರು.

ತಿನ್ನಿಸುವವರು ತಾಯಿ ಅಥವಾ ತಂದೆ ಮಾತ್ರ. ಹೋಟೆಲ್ ಹುಡುಗಿ, ದುಭಾಷಿ, ಜೊತೆಗೆ ಬಂದ ಅಜ್ಜಿ ಯಾರೂ ಬೇಡ. ಇದು ಜಂಬವಲ್ಲ. ಹಸಿವಾದಾಗ ಬರುವವರು ಈ ಇಬ್ಬರೇ ಎಂದು ಮಗುವಿನ ಹೊಟ್ಟೆಗೆ ಗೊತ್ತಾಗಬೇಕು. ಸ್ವಲ್ಪ ದೊಡ್ಡ ಮಕ್ಕಳು ಹೊಟ್ಟೆ ಬಿರಿಯುವಷ್ಟು ತಿನ್ನುವುದು, ಬಾಳೆಹಣ್ಣನ್ನೋ ಬಿಸ್ಕತ್ತನ್ನೋ ದಿಂಬಿನಡಿ ಬಚ್ಚಿಡುವುದು ಉಂಟು. ಬೈಯಬಾರದು, ಕಿತ್ತುಕೊಳ್ಳಲೂ ಬಾರದು. ಕೈಗೆ ಎಟಕುವಂತೆ ಒಂದು ಡಬ್ಬಿಯಲ್ಲಿ ತಿಂಡಿ ಇಟ್ಟು, ಅದು ಖಾಲಿಯಾಗದಂತೆ ನೋಡಿಕೊಂಡರೆ ಬಚ್ಚಿಡುವ ಅಭ್ಯಾಸ ನಿಧಾನಕ್ಕೆ ಇಳಿಯುತ್ತದೆ.

ಎತ್ತಿಕೊಳ್ಳುವುದರಲ್ಲಿ ಪಶ್ಚಿಮದವರು ನಮ್ಮ ಅಜ್ಜಿಯರಿಂದ ಕಲಿಯಬೇಕಾದದ್ದಿದೆ. ಗಾಲಿ ಬಂಡಿಯಲ್ಲಿ ಮಗುವನ್ನು ಮುಂದಕ್ಕೆ ತಳ್ಳಿಕೊಂಡು ಹೋದರೆ ಅದಕ್ಕೆ ಕಾಣುವುದು ಅಪರಿಚಿತ ಬೀದಿ. ಎದೆಗೆ ಬಟ್ಟೆಯಲ್ಲಿ ಕಟ್ಟಿಕೊಂಡರೆ ಹೊಸ ತಾಯಿಯ ಬೆವರು, ಉಸಿರು, ಎದೆಬಡಿತ ಎಲ್ಲ ಪರಿಚಯವಾಗುತ್ತದೆ. ಇದೇ ಕಾರಣಕ್ಕೆ ಮೊದಲ ವಾರಗಳಲ್ಲಿ ಸುಗಂಧದ್ರವ್ಯ ಹಚ್ಚಿಕೊಳ್ಳದಿರುವುದು ಒಳ್ಳೆಯದು. ಮಗು ಉಟ್ಟು ಬಂದ ಅಂಗಿಯನ್ನು ‘ಕೊಳೆ’ ಎಂದು ಆ ರಾತ್ರಿಯೇ ಒಗೆಯಲೂಬಾರದು. ಹಳೆಯ ಮನೆಯ ವಾಸನೆ ಉಳಿದಿರುವುದು ಅದೊಂದರಲ್ಲೇ. ಮಲಗುವಾಗ ಹತ್ತಿರ ಇಡಿ.

ಸ್ನಾನಕ್ಕೆ ಅವಸರ ಬೇಡ. ಆಳವಾದ ಬಿಳಿ ತೊಟ್ಟಿ ಕಂಡು ಚೀರಿದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರಾಯಿತು. ರಾತ್ರಿ ದೀಪ ಪೂರ್ತಿ ಆರಿಸಬೇಡಿ. ಹತ್ತಿಪ್ಪತ್ತು ಮಕ್ಕಳ ಉಸಿರಾಟದ ನಡುವೆ ಮಲಗಿ ಬೆಳೆದ ಮಗುವಿಗೆ ಒಂಟಿ ಕೋಣೆಯ ಮೌನವೇ ಹೆದರಿಕೆ. ತೊಟ್ಟಿಲನ್ನು ಹಾಸಿಗೆಗೆ ತಾಗಿಸಿ ಒಂದು ಕೈ ಅದರ ಮೇಲಿಟ್ಟು ಮಲಗುವ ತಾಯಂದಿರು ಎಷ್ಟೋ ಮಂದಿ.

ಒಬ್ಬರನ್ನೇ ಅಪ್ಪಿ, ಇನ್ನೊಬ್ಬರನ್ನು ದೂಡಿದರೆ

ಇದನ್ನು ಬೇರೆಯಾಗಿ ಹೇಳಬೇಕು, ಏಕೆಂದರೆ ಬಹಳ ಮನೆಗಳಲ್ಲಿ ಕಣ್ಣೀರು ಬರಿಸುವ ಸಂಗತಿ ಇದು. ಮಗು ಇಬ್ಬರಲ್ಲಿ ಒಬ್ಬರನ್ನು ಆರಿಸಿಕೊಳ್ಳುತ್ತದೆ. ಅವರ ಕುತ್ತಿಗೆಗೆ ಜೋತುಬಿದ್ದು, ಇನ್ನೊಬ್ಬರು ಹತ್ತಿರ ಬಂದರೆ ಕಿರುಚುತ್ತದೆ. ಅನಾಥಾಲಯದಲ್ಲಿ ನೋಡಿಕೊಂಡವರೆಲ್ಲ ಹೆಂಗಸರಾಗಿದ್ದರೆ ಗಂಡಸಿನ ದಪ್ಪ ದನಿಗೇ ಹೆದರುತ್ತದೆ. ಕೆಲವೊಮ್ಮೆ ಇದಕ್ಕೆ ಉಲ್ಟಾ. ಆಯಾಳನ್ನು ಕಳೆದುಕೊಂಡ ದುಃಖವೆಲ್ಲ ಹೊಸ ಹೆಂಗಸಿನ ಮೇಲೆ ತಿರುಗಿ, ತಂದೆಯೇ ಬೇಕೆನ್ನುತ್ತದೆ. ಒಂಬತ್ತು ತಿಂಗಳಿಗೆ ಬದಲು ನಾಲ್ಕೈದು ವರ್ಷ ಕಾಗದಪತ್ರ ಹೊತ್ತ ತಾಯಿ ಬಚ್ಚಲುಮನೆ ಬಾಗಿಲು ಹಾಕಿಕೊಂಡು ಅಳುವುದು ಆಗ.

ದೂಡಿಸಿಕೊಂಡವರು ಹಠಕ್ಕೆ ಬಿದ್ದು ಎತ್ತಿಕೊಳ್ಳಲು ಹೋಗಬಾರದು. ನೆಲದ ಮೇಲೆ, ಮಗುವಿನ ಎತ್ತರಕ್ಕೆ, ಸ್ವಲ್ಪ ದೂರದಲ್ಲಿ ಕೂತರೆ ಸಾಕು. ಬಾಟಲಿ ತುಂಬಿಸಿ ತರುವುದು, ಚೆಂಡು ಉರುಳಿಸುವುದು ಅವರ ಕೆಲಸ. ಎತ್ತಿಕೊಂಡವರು ಈ ಕಡೆಯವರ ಹತ್ತಿರವೇ ಕೂರಬೇಕು. ಒಂದು ದಿನ ಚೆಂಡು ವಾಪಸು ಬರುತ್ತದೆ. ಅದು ಹೋಟೆಲಿನಲ್ಲೇ ಆಗಬೇಕೆಂದಿಲ್ಲ, ಮನೆಗೆ ಹೋಗಿ ಮೂರು ತಿಂಗಳಾದರೂ ಆದೀತು. ಸುಳ್ಳು ಧೈರ್ಯ ಹೇಳಬಾರದು. ಕೆಲವರಿಗೆ ಆ ಹದಿನೈದು ದಿನದಲ್ಲಿ ಮಗುವಿನ ಮೇಲೆ ಪ್ರೀತಿಯೇ ಹುಟ್ಟುವುದಿಲ್ಲ, ಬರೀ ದಣಿವು ಮತ್ತು ಭಯ. ಹೆತ್ತ ತಾಯಂದಿರಿಗೂ ಹಾಗಾಗುವುದುಂಟು. ಹೇಳಿಕೊಳ್ಳಲು ನಾಚಿಕೆ, ಅಷ್ಟೆ. ವಾರಗಳು ಕಳೆದರೂ ಹಾಗೇ ಇದ್ದರೆ ವೈದ್ಯರ ಬಳಿ ಬಾಯಿಬಿಟ್ಟು ಹೇಳಬೇಕು.

ಮಾತು ಕಳೆದುಹೋಗುವುದೆಂದರೆ

ಚೀನಾಕ್ಕೆ ಹೊರಟವರು ಹತ್ತಿಪ್ಪತ್ತು ಚೀನೀ ಪದ ಬಾಯಿಪಾಠ ಮಾಡಿಕೊಂಡು ಹೋಗುತ್ತಿದ್ದರು. ಆ ಭಾಷೆಯಲ್ಲಿ ‘ಮಾಮಾ’ ಎಂದರೆ ಅಮ್ಮ, ‘ಬಾಬಾ’ ಎಂದರೆ ಅಪ್ಪ. ನಮ್ಮಲ್ಲಿ ಮಾಮಾ ಯಾರೆಂದು ಎಲ್ಲರಿಗೂ ಗೊತ್ತು. ಸೊಲ್ಲಾಪುರ, ಜತ್ತದ ಓದುಗರಿಗೆ ಬಾಬಾ ಮಾತ್ರ ಸರಿಯಾಗಿಯೇ ಕೇಳಿಸೀತು! ಆದರೆ ಎಷ್ಟೋ ಸಲ ಕಲಿತ ಮಾತು ಕೆಲಸಕ್ಕೆ ಬರುತ್ತಿರಲಿಲ್ಲ. ಇವರು ಕಲಿತದ್ದು ಬೀಜಿಂಗ್‌ನ ಶಿಷ್ಟ ಚೀನೀ, ಹುನಾನ್ ಅಥವಾ ಗ್ವಾಂಗ್‌ಡಾಂಗ್ ಹಳ್ಳಿಯ ಆಯಾ ಆಡುತ್ತಿದ್ದದ್ದು ಊರಿನ ಮಾತು.

ಒಂದು ವರ್ಷದ ಕೂಸಿಗೆ ಭಾಷೆ ಎಲ್ಲಿಯದು ಎನ್ನಬಹುದು. ಕೆನಡಾದ ಮಾಂಟ್ರಿಯಲ್‌ನ ಸಂಶೋಧಕರು 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸರಿಸುಮಾರು ಒಂದು ವರ್ಷದ ಪ್ರಾಯದಲ್ಲಿ ಚೀನಾದಿಂದ ಫ್ರೆಂಚ್ ಮಾತಾಡುವ ಮನೆಗಳಿಗೆ ದತ್ತು ಬಂದ, ಚೀನೀ ಭಾಷೆ ಒಂದಕ್ಷರವೂ ನೆನಪಿಲ್ಲದ ಹುಡುಗಿಯರಿಗೆ ಆ ಭಾಷೆಯ ಸ್ವರದ ಏರಿಳಿತಗಳನ್ನು ಕೇಳಿಸಿ ಮೆದುಳನ್ನು ಸ್ಕ್ಯಾನ್ ಮಾಡಿದರು. ಅವರ ಮೆದುಳು ಚೀನೀ ಬಲ್ಲ ಹುಡುಗಿಯರ ಮೆದುಳಿನಂತೆಯೇ ಸ್ಪಂದಿಸಿತು, ಫ್ರೆಂಚ್ ಮಾತ್ರ ಬಲ್ಲವರಂತಲ್ಲ. ಇದಕ್ಕೆ ಮುಂಚೆ 2003ರಲ್ಲಿ ಫ್ರಾನ್ಸಿನಲ್ಲಿ ಕೊರಿಯಾದಿಂದ ದತ್ತು ಬಂದ ಎಂಟು ಮಂದಿ ವಯಸ್ಕರನ್ನು ಪರೀಕ್ಷಿಸಿದಾಗ ಹಳೆಯ ಭಾಷೆಯ ಗುರುತೇ ಸಿಕ್ಕಿರಲಿಲ್ಲ. ನೆದರ್‌ಲೆಂಡ್ಸ್‌ಗೆ ದತ್ತು ಹೋದ ಕೊರಿಯನ್ನರ ಮೇಲೆ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಾತ್ರ, ಆರು ತಿಂಗಳೊಳಗೆ ಹೋದವರೂ ದೊಡ್ಡವರಾದ ಮೇಲೆ ಕೊರಿಯನ್ ಧ್ವನಿಗಳನ್ನು ಬೇರೆಯವರಿಗಿಂತ ಬೇಗ ಉಚ್ಚರಿಸಲು ಕಲಿತರು. ಅಂತೂ ಮಾತು ಹೋಗುತ್ತದೆ, ಕಿವಿಯಲ್ಲಿ ಏನೋ ಉಳಿಯುತ್ತದೆ ಎನ್ನಲು ಆಧಾರವಿದೆ.

ಆದ್ದರಿಂದ ಹೋಟೆಲಿನ ದಿನಗಳಲ್ಲಿ ನಾಲ್ಕು ಪದವಾದರೂ ಮಗುವಿನ ಮಾತಿನಲ್ಲೇ ಇರಲಿ. ಊಟ, ನೀರು, ಉಚ್ಚೆ, ನೋವು, ಹೆದರಬೇಡ. ಕರೆಯುತ್ತಿದ್ದ ಹೆಸರನ್ನು ಮೊದಲ ದಿನವೇ ಕಿತ್ತುಹಾಕಬಾರದು. ಮಗುವಿನ ಬಳಿ ಉಳಿದ ಏಕೈಕ ಸ್ವಂತ ಆಸ್ತಿ ಆ ಹೆಸರು. ಹೊಸ ಹೆಸರನ್ನು ಅದರ ಜೊತೆಗೆ ಸೇರಿಸಿ ಕರೆಯಬಹುದು.

ವಿಮಾನದ ಬಗ್ಗೆ ಒಂದೆರಡು ಮಾತು. ಏರುವಾಗ, ಅದಕ್ಕಿಂತ ಹೆಚ್ಚಾಗಿ ಇಳಿಯುವಾಗ, ಬಾಟಲಿ ಬಾಯಲ್ಲಿರಲಿ. ನುಂಗುತ್ತಿದ್ದರೆ ಕಿವಿನೋವು ಕಡಿಮೆ. ನಿಲ್ದಾಣಕ್ಕೆ ಸ್ವಾಗತಿಸಲು ಬಂದ ಬಂಧುಬಳಗ ದೂರದಿಂದ ಕೈಬೀಸಿದರೆ ಸಾಕು, ಕೈಯಿಂದ ಕೈಗೆ ಮಗುವನ್ನು ದಾಟಿಸುವುದು ಬೇಡವೇ ಬೇಡ.

ನಮ್ಮ ದೇಶದಲ್ಲಿ

ನಮ್ಮ ಮಟ್ಟಿಗೆ ಪರದೇಶದಿಂದ ಬರುವವರು ಅವರು, ಹೊರಡುವ ಮಗು ನಮ್ಮದು. 1984ರಲ್ಲಿ ಲಕ್ಷ್ಮೀಕಾಂತ್ ಪಾಂಡೆ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ವಿದೇಶಿ ದತ್ತಿಗೆ ಕಟ್ಟುಪಾಡು ಹಾಕಿತು. ಕೇಂದ್ರ ದತ್ತು ಸಂಸ್ಥೆ ‘ಕಾರಾ’ 1990ರಲ್ಲಿ ಬಂದಿತು. ಹೇಗ್ ಒಪ್ಪಂದವನ್ನು ಭಾರತ 2003ರಲ್ಲಿ ಅನುಮೋದಿಸಿತು. 2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶ ಕೊಡುವವರು ನ್ಯಾಯಾಲಯವಲ್ಲ, ಜಿಲ್ಲಾಧಿಕಾರಿ. ಆದೇಶವಾದ ಮೇಲೆ ವಿದೇಶಿ ದಂಪತಿ ಖುದ್ದಾಗಿ ಬಂದು ಮಗುವನ್ನು ಕರೆದೊಯ್ಯಬೇಕು. ಹೋದ ಮೇಲೂ ಎರಡು ವರ್ಷ ಮಗುವಿನ ವರದಿ ಬರಬೇಕು, ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೆಯ ವರ್ಷ ಆರು ತಿಂಗಳಿಗೊಮ್ಮೆ.

ದೇಶದೊಳಗಿನ ದಂಪತಿಗಳು ಹೆಚ್ಚಾಗಿ ಕೇಳುವುದು ಆರೋಗ್ಯವಂತ ಪುಟ್ಟ ಕೂಸನ್ನು. ಹೀಗಾಗಿ ವಿದೇಶಕ್ಕೆ ಹೋಗುವವರಲ್ಲಿ ಪ್ರಾಯ ತುಂಬಿದ ಮಕ್ಕಳು, ಒಟ್ಟಿಗಿರಬೇಕಾದ ಅಣ್ಣತಂಗಿಯರು, ವಿಶೇಷ ಆರೈಕೆ ಬೇಕಾದವರು ಹೆಚ್ಚು. ಆರು ವರ್ಷದ ಮಗುವಿಗೆ ಭಾಷೆ ಪೂರ್ತಿ ಬಂದಿರುತ್ತದೆ, ಪ್ರಶ್ನೆಗಳೂ ಇರುತ್ತವೆ. ಇಲ್ಲಿ ಗಡಿಯವರಾದ ನಮಗೆ ಮಾತ್ರ ಹೊಳೆಯುವ ಒಂದು ವಿಷಯವಿದೆ. ರಾಜ್ಯ ನೋಡಿ ಮಗುವಿನ ಭಾಷೆ ಊಹಿಸಬಾರದು. ಸೊಲ್ಲಾಪುರದ ಮಗುವಿಗೆ ಮರಾಠಿಗಿಂತ ಕನ್ನಡ ಹತ್ತಿರವಿರಬಹುದು, ಆದೋನಿಯ ಮಗುವಿಗೂ ಹಾಗೆಯೇ, ಕಾಸರಗೋಡಿನದಕ್ಕೆ ತುಳುವೋ ಬ್ಯಾರಿಯೋ ಇರಬಹುದು. ‘ಭಾರತದ ಮಗು’ ಎಂದು ಹಿಂದಿ ಪುಸ್ತಕ ಹಿಡಿದು ಬಂದ ತಾಯಿ ‘ಪಾನಿ, ಪಾನಿ’ ಎಂದರೆ ‘ನೀರು’ ಕೇಳುವ ಮಗು ಏನು ಮಾಡಬೇಕು?

ಕೊಲ್ಲಿ ದೇಶಗಳಲ್ಲಿ ದುಡಿಯುವ ಕಾಸರಗೋಡಿನ ಕಡೆಯ ದಂಪತಿಗಳ ಪಾಡು ಇನ್ನೊಂದು ಬಗೆ. ಕೆಲಸದ ರಜೆಯಲ್ಲಿ ಊರಿಗೆ ಬಂದು ದತ್ತು ಪಡೆದು, ಮಗುವಿನೊಂದಿಗೆ ಮತ್ತೆ ಹಾರುವವರು ಇವರು. 1956ರ ಹಿಂದೂ ದತ್ತಕ ಕಾಯ್ದೆಯಡಿ ಪಡೆದ ಮಗುವನ್ನು ವಿದೇಶಕ್ಕೆ ಒಯ್ಯಲು ಕಾರಾದಿಂದಲೇ ನಿರಾಕ್ಷೇಪಣಾ ಪತ್ರ ಪಡೆಯುವ ದಾರಿ 2021ರ ಸೆಪ್ಟೆಂಬರ್‌ನಲ್ಲಿ ತೆರೆಯಿತು. ಭಾಷೆಯ ಗೋಡೆ ಇವರಿಗಿಲ್ಲ ನಿಜ. ಆದರೆ ರಜೆ ಚಿಕ್ಕದು, ನೋಡಲು ಬರುವ ನೆಂಟರ ಸಾಲು ದೊಡ್ಡದು. ಮಗು ದಿನಕ್ಕೆ ಮೂವತ್ತು ಮಡಿಲು ಏರಿ ಇಳಿಯುತ್ತದೆ. ತೊಟ್ಟಿಲು ಶಾಸ್ತ್ರ, ಊರೂಟ ಎಲ್ಲವನ್ನೂ ಮುಂದಿನ ರಜೆಗೆ ಇಟ್ಟುಕೊಳ್ಳುವುದು ಮಗುವಿನ ದೃಷ್ಟಿಯಿಂದ ಉತ್ತಮ. ಅತ್ತೆ ಮಾವಂದಿರು ಒಪ್ಪುತ್ತಾರೋ ಇಲ್ಲವೋ ಅದು ಬೇರೆ ಪ್ರಶ್ನೆ.

ಇಂಥ ಕುಟುಂಬ ನಿಮ್ಮ ಕಣ್ಣಿಗೆ ಬಿದ್ದರೆ, ನೀವು ಟ್ಯಾಕ್ಸಿ ಓಡಿಸುವವರಿರಬಹುದು, ಲಾಡ್ಜಿನಲ್ಲಿ ಕೆಲಸ ಮಾಡುವವರಿರಬಹುದು, ಮಗುವಿನ ಕೈಗೆ ಚಾಕಲೇಟು ಕೊಡಬೇಡಿ, ಎತ್ತಿಕೊಳ್ಳಲು ಕೈ ಚಾಚಬೇಡಿ. ‘ಬಿಳಿಯರು ನಿನ್ನ ಎಲ್ಲಿಗೆ ಒಯ್ತಾರೆ?’ ಎಂದು ಮಗುವನ್ನೇ ಕೇಳುವುದು ತಮಾಷೆಯಲ್ಲ, ಅದಕ್ಕೆ ಎಲ್ಲ ಅರ್ಥವಾಗುತ್ತದೆ. ಮಗುವಿನ ಮಾತು ನಿಮಗೆ ಬರುತ್ತಿದ್ದರೆ, ಅದು ಏನು ಕೇಳುತ್ತಿದೆ ಎಂದು ತಾಯಿಗೆ ತಿಳಿಸಿ. ಕೊಡುವವಳು ಆ ತಾಯಿಯೇ ಆಗಲಿ.

ಶಿಶುಗೃಹದಲ್ಲಿ ಆಯಾ ಆಗಿ ದುಡಿಯುವ ಹೆಂಗಸರೂ ನಮ್ಮ ಓದುಗರಲ್ಲಿ ಇರಬಹುದು. ಮಗು ಯಾವ ಮಗ್ಗುಲಿಗೆ ಮಲಗುತ್ತದೆ, ಯಾವುದಕ್ಕೆ ಹೆದರುತ್ತದೆ, ಅನ್ನ ಮೊಸರಿನಲ್ಲಿ ಕಲಸಬೇಕೋ ಸಾರಿನಲ್ಲೋ, ನೀವು ಯಾವ ಮುದ್ದಿನ ಹೆಸರಿನಿಂದ ಕರೆಯುತ್ತಿದ್ದಿರಿ ಎಂಬುದು ಯಾವ ಕಡತದಲ್ಲೂ ಇರುವುದಿಲ್ಲ. ನಿಮಗೆ ಮಾತ್ರ ಗೊತ್ತು. ಕೇಳದಿದ್ದರೂ ಹೇಳಿ, ಬರೆಸಿ ಕೊಡಿ. ಮಲಗಿಸುವಾಗ ಹಾಡುತ್ತಿದ್ದ ಜೋಗುಳವನ್ನು ಸಂಸ್ಥೆಯವರ ಒಪ್ಪಿಗೆ ಪಡೆದು ಆ ದಂಪತಿಯ ಮೊಬೈಲಿನಲ್ಲಿ ಹಾಡಿ ಕಳಿಸಿ. ಬೀಳ್ಕೊಡುವಾಗ ನಿಮ್ಮ ಕಣ್ಣಲ್ಲಿ ನೀರು ಬಂದರೆ ಮರೆಮಾಡಬೇಕಾಗಿಲ್ಲ. ಹೇಳದೆ ಹಿಂಬಾಗಿಲಿನಿಂದ ಹೊರಟುಹೋಗಬೇಡಿ, ಮಗುವಿನ ಎದುರಿಗೇ ‘ಹೋಗಿ ಬಾ’ ಅನ್ನಿ.